ಫೆಸ್ ಊರಿನ ಮದುವೆಗೆ ಗಂಡಿನ ಕಡೆಯವರಾಗಿ

ಪ್ರಶ್ನೆ: ನನ್ನ ತಂಗಿಯ ಮಗ ಫ್ರಾನ್ಸಿನಲ್ಲಿ ಎಂಜಿನಿಯರ್. ಮೊರೊಕ್ಕೋದ ಫೆಸ್ ಊರಿನ ಹುಡುಗಿಯನ್ನು ಮದುವೆಯಾಗುತ್ತಿದ್ದಾನೆ. ಸಹಿ, ಕಾಗದಪತ್ರ ಎಲ್ಲ ಮಾರ್ಚಿನಲ್ಲೇ ಮುಗಿದಿದೆಯಂತೆ. ಈಗ ನೋಡಿದರೆ ಮದುವೆ ಜುಲೈನಲ್ಲಿ ಅನ್ನುತ್ತಾರೆ. ಎಂಟು ಮಂದಿ ಹೊರಟಿದ್ದೇವೆ; ಅವರಲ್ಲಿ ಹುಡುಗನ ಇಬ್ಬರು ಗೆಳೆಯರು ಸಸ್ಯಾಹಾರಿಗಳು. ಏನು ಒಯ್ಯಬೇಕು, ಏನು ಉಡಬೇಕು? ಮೆಹಂದಿ ಇಲ್ಲಿಂದಲೇ ಹಾಕಿಕೊಂಡು ಹೋಗೋಣವೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮೆಹಂದಿ ಇಲ್ಲಿಂದ ಬೇಡ. ಮದುವೆಗೆ ಎರಡು ಮೂರು ದಿನ ಮೊದಲು ಹುಡುಗಿಯ ಜೊತೆ ಹೆಂಗಸರೆಲ್ಲ ಹಮ್ಮಾಮಿಗೆ ಹೋಗುತ್ತಾರೆ, ನಿಮ್ಮನ್ನೂ ಕರೆಯುತ್ತಾರೆ. ಬಿಸಿ ಹಬೆಯ ಕೋಣೆಯಲ್ಲಿ ಕೂರಿಸಿ, ಆಲಿವ್‌ನ ಮೆತ್ತನೆ ಕಪ್ಪು ಸಾಬೂನು ಬಳಿದು, ಐದು ಹತ್ತು ನಿಮಿಷ ಬಿಟ್ಟು, 'ಕೆಸ್ಸಾ' ಎಂಬ ಒರಟು ಕೈಗವಸಿನಿಂದ ತಿಕ್ಕುತ್ತಾರೆ. ಕೊಳೆ ಬತ್ತಿ ಬತ್ತಿಯಾಗಿ ಉದುರುತ್ತದೆ. ಕೊಳೆಯ ಜೊತೆ ಮೇಲಿನ ಪದರದ ಚರ್ಮವೂ, ಅದರಲ್ಲಿ ಕೂತ ಮೆಹಂದಿಯ ಬಣ್ಣವೂ ಹೋಗುತ್ತದೆ, ಅದೂ ಒಂದೇ ಸಮ ಅಲ್ಲ, ತೇಪೆ ತೇಪೆಯಾಗಿ. ಹಾಗಾಗಿ ಮೊದಲು ಹಮ್ಮಾಮು, ಆಮೇಲೆ ಮೆಹಂದಿ. ಹಾಕುವವಳನ್ನು 'ನೆಕ್ಕಾಶಾ' ಅನ್ನುತ್ತಾರೆ. ಆಕೆಯ ಕೈಯಲ್ಲಿ ಕೋನ್ ಬದಲು ಇಂಜೆಕ್ಷನ್ ಸಿರಿಂಜ್ ಕಂಡರೆ ಗಾಬರಿ ಬೇಡ, ಮೆಹಂದಿ ತುಂಬಿದ್ದು, ಅಗಲ ಸೂಜಿಯ ಮೊನೆ ಕತ್ತರಿಸಿರುತ್ತಾರೆ. ಪ್ರವಾಸಿ ಜಾಗಗಳಲ್ಲಿ ಕೂತು 'ಕಪ್ಪು ಮೆಹಂದಿ' ಹಾಕುವವರಿಂದ ಮಾತ್ರ ದೂರ ಇರಿ. ಅದರಲ್ಲಿ ಕೂದಲ ಡೈ ಬೆರೆಸುವುದುಂಟು, ಚರ್ಮ ಸುಟ್ಟು ಗುಳ್ಳೆ ಏಳುತ್ತದೆ.

ಇನ್ನು ಮಾರ್ಚಿನ ಸಹಿಯ ವಿಷಯ. ಇಲ್ಲಿನ ಮುಸ್ಲಿಂ ಮದುವೆಗಳಲ್ಲಿ ನಿಕಾಹ್, ಮಹರ್ (ಹುಡುಗಿಗೆ ಗಂಡು ಕೊಡುವ ವಧುದಕ್ಷಿಣೆ), ಊಟ ಎಲ್ಲ ಒಂದೇ ಹೊತ್ತಿನಲ್ಲಿ ಆಗುತ್ತದೆ. ಅಲ್ಲಿ 'ಅದೂಲ್' ಎಂಬ ಇಬ್ಬರು ಧಾರ್ಮಿಕ ನೋಟರಿಗಳು ಕರಾರು ಬರೆದುಕೊಂಡರೆ ಕಾನೂನಿನ ಪ್ರಕಾರ ಮದುವೆ ಆಯಿತು. ಮಹರ್ ಕೂಡ ಅದರಲ್ಲೇ ದಾಖಲು. ಜುಲೈನ ರಾತ್ರಿ ಅದನ್ನು ನಾಲ್ಕು ಜನರ ಮುಂದೆ ಸಾರುವ ಹಬ್ಬ. ಅಂದು ಖಾಜಿಯನ್ನು ಹುಡುಕಬೇಡಿ, ನಿಕಾಹ್‌ನ ಪ್ರವಚನವಾದ ಖುತ್ಬಾ ಯಾವಾಗ ಎಂದು ಕೇಳಬೇಡಿ.

ಗಂಡಿನ ಕಡೆಯವರಾಗಿ ನಿಮ್ಮ ನಿಜವಾದ ಕೆಲಸ ಹದಿಯಾ, ಅಂದರೆ ಉಡುಗೊರೆ. ಉರ್ದುವಿನಲ್ಲಿ ನೀವು ಆಡುವ ಅದೇ ಪದ, ಅದೇ ಅರ್ಥ, ಅವರ ಬಾಯಲ್ಲಿ 'ಹ್ದಿಯಾ' ಎಂದು ಕೇಳಿಸುತ್ತದೆ, ಅಷ್ಟೆ. ಶಂಕುವಿನಾಕಾರದ ಎತ್ತರದ ಮುಚ್ಚಳವಿರುವ 'ತ್ಯಾಫರ್' ತಟ್ಟೆಗಳಲ್ಲಿ ಸಾಮಾನು ಜೋಡಿಸಿ, ತಾಳಮೇಳದ ಜೊತೆ ಹುಡುಗಿಯ ಮನೆಗೆ ಮೆರವಣಿಗೆಯಲ್ಲಿ ಒಯ್ಯಬೇಕು. ಸಕ್ಕರೆ, ಹಾಲು, ಖರ್ಜೂರ, ಮೆಹಂದಿ ಪುಡಿ, ಮೇಣದಬತ್ತಿ ಇವು ಬಿಡುವಂತಿಲ್ಲ. ಉಳಿದಂತೆ ಬಟ್ಟೆ, ಚಪ್ಪಲಿ, ಕೈಚೀಲ, ಅತ್ತರು, ಒಡವೆ ನಿಮ್ಮ ಶಕ್ತಿಗೆ ಬಿಟ್ಟದ್ದು. ಸಕ್ಕರೆ ಎಂದರೆ ಪುಡಿಯಲ್ಲ, ನೀಲಿ-ನೇರಳೆ ಕಾಗದದಲ್ಲಿ ಸುತ್ತಿದ ಗೋಪುರದಂಥ ಗಟ್ಟಿ ಅಚ್ಚು, ಒಂದೊಂದೂ 2 ಕೆ.ಜಿ. ಅದನ್ನು ಫೆಸ್‌ನಲ್ಲೇ ಕೊಳ್ಳಿ. ತಟ್ಟೆಗಳನ್ನೂ ಇಲ್ಲಿಂದ ಹೊರಬೇಡಿ, ಸಾಮಾನ್ಯವಾಗಿ ಹುಡುಗಿಯನ್ನು ಸಿಂಗರಿಸುವ 'ನೆಗ್ಗಾಫಾ' ಬಾಡಿಗೆಗೆ ಕೊಡುತ್ತಾಳೆ. ಎಷ್ಟು ತಟ್ಟೆ ಎಂದು ಬೀಗರನ್ನು ಮೊದಲೇ ಕೇಳಿಕೊಳ್ಳಿ. ಹನ್ನೆರಡು ತಟ್ಟೆ ಬಂದು ಏಳಕ್ಕೆ ಮಾತ್ರ ಸಾಮಾನು ಇದ್ದರೆ ಖಾಲಿ ತಟ್ಟೆ ಹೊತ್ತು ನಡೆಯಬೇಕಾಗುತ್ತದೆ. ಇನ್ನೊಂದು ತಪ್ಪು ನಮ್ಮವರು ಮಾಡುವುದು ಗಿಫ್ಟ್ ಪೇಪರ್ ಸುತ್ತುವುದು. ಅಲ್ಲಿ ಹದಿಯಾ ಎಲ್ಲರ ಕಣ್ಣಿಗೆ ಕಾಣಬೇಕು: ಬಿಚ್ಚಿಟ್ಟು ಜೋಡಿಸಬೇಕು, ಇಲ್ಲವೇ ಪಾರದರ್ಶಕ ಹಾಳೆಯಲ್ಲಿ ಸುತ್ತಬೇಕು.

ಇಲ್ಲಿಂದ ಒಯ್ಯಬೇಕಾದದ್ದು ರೇಷ್ಮೆ. ಸೀರೆಗಿಂತ ಥಾನಿನ ಬಟ್ಟೆ ಒಳ್ಳೆಯದು. ಅದರಲ್ಲಿ ಅವರು ಹೊಲಿಸುವುದು ಕಫ್ತಾನ್ ಎಂಬ ಉದ್ದನೆಯ ನಿಲುವಂಗಿ. ಅದರ ಮುಂಭಾಗದಲ್ಲಿ ಕತ್ತಿನಿಂದ ಕೆಳಗಿನವರೆಗೆ 'ಸ್ಫೀಫಾ' ಎಂಬ ಹೆಣೆದ ಪಟ್ಟಿ, ಅದರ ಪಕ್ಕ ಸಾಲಾಗಿ ಕೈಯಲ್ಲಿ ಗಂಟು ಹಾಕಿದ ರೇಷ್ಮೆ ಗುಂಡಿ ಬರುತ್ತವೆ. ಅಗಲ ಜರಿ ಅಂಚು ಇದ್ದರೆ ದರ್ಜಿಗೆ ಅದನ್ನು ಎಲ್ಲಿ ಕೂರಿಸಬೇಕೋ ತಿಳಿಯುವುದಿಲ್ಲ, ಎರಡೂ ಜಗಳಕ್ಕೆ ನಿಲ್ಲುತ್ತವೆ. ಅಂಚಿಲ್ಲದ ಅಥವಾ ಸಣ್ಣ ಬುಟ್ಟಾದ ಬಟ್ಟೆ ಕನಿಷ್ಠ 5 ಮೀಟರ್ ಕೊಡಿ. ಆ ಕೈಕೆಲಸಕ್ಕೆ ವಾರಗಟ್ಟಲೆ ಹಿಡಿಯುತ್ತದೆ, ಮದುವೆ ರಾತ್ರಿಯೇ ಉಡುತ್ತಾಳೆಂದು ಕಾಯಬೇಡಿ.

ನೆಗ್ಗಾಫಾ ಎಂದೆನಲ್ಲ, ಆ ರಾತ್ರಿಯ ಯಜಮಾನಿ ಆಕೆಯೇ. ಹುಡುಗಿಗೆ ಉಡಿಸುವುದು, ಒಡವೆ ಬಾಡಿಗೆಗೆ ಕೊಡುವುದು, ಪಲ್ಲಕ್ಕಿಯಂಥ 'ಅಮ್ಮಾರಿಯಾ' ತರಿಸುವುದು, ಯಾವಾಗ ಏಳಬೇಕು, ಯಾವಾಗ ಕೂರಬೇಕು ಎಂದು ಹೇಳುವುದು ಎಲ್ಲ ಆಕೆಯ ತಂಡ. ಹುಡುಗಿ ರಾತ್ರಿಯಿಡೀ ಹಲವು ಸಲ ಉಡುಪು ಬದಲಿಸುತ್ತಾಳೆ: ಹಸಿರು ಕಫ್ತಾನ್, ಅಲ್ಲಿಯ ಮೂಲನಿವಾಸಿ ಅಮಾಜಿಗ್ (ಬರ್ಬರ್) ಜನರ ಉಡುಪು, ಮುತ್ತು-ಜರತಾರಿಯ ಫೆಸ್ ಉಡುಪು, ಕೊನೆಗೆ ಬಿಳಿ. ಈ ಪಟ್ಟಿಯಲ್ಲಿ ಎಷ್ಟೋ ಮದುವೆಗಳಲ್ಲಿ 'ಲಬ್ಸಾ ಹಿಂದಿಯಾ' ಕೂಡ ಇರುತ್ತದೆ – ಅಂದರೆ ನಮ್ಮ ಸೀರೆ ಅಥವಾ ಲೆಹೆಂಗಾ! ಹಿಂದಿ ಸಿನಿಮಾ ಅಲ್ಲಿ ಅಷ್ಟು ಮನೆಮಾತು. ಹುಡುಗಿಗೆ ಸೀರೆ ಉಡಿಸುವ ಆಸೆ ನಿಮಗಿದ್ದರೆ ಈಗಲೇ ಅವಳ ತಾಯಿಗೆ ತಿಳಿಸಿ, ಅವರು ನೆಗ್ಗಾಫಾಗೆ ಹೇಳಲಿ. ರವಿಕೆಯ ಅಳತೆ ತರಿಸಿ ಹೊಲಿಸಿ, ಲಂಗ ಮತ್ತು ಒಂದು ಡಬ್ಬಿ ಪಿನ್ನು ಜೊತೆಗಿಡಿ. ಅದೇ ರಾತ್ರಿ ಕೈಗಿತ್ತರೆ ಉಡುಪಿನ ಸರದಿಯೇ ತಪ್ಪುತ್ತದೆ. ಫೆಸ್ ಉಡುಪಿನಲ್ಲಿ ಹುಡುಗಿ ಬೊಂಬೆಯ ಹಾಗೆ ಅಲುಗಾಡದೆ ಕೂತಿರುತ್ತಾಳೆ. ಭಾರವೇ ಅಷ್ಟಿರುತ್ತದೆ. ಆಗ ಹತ್ತಿರ ಹೋಗಿ ಮಾತಾಡಿಸಬೇಡಿ, ಬಾಯಿಗೆ ಸಿಹಿ ಇಡಬೇಡಿ.

ನಿಮ್ಮ ಮಟ್ಟಿಗೆ ಸೀರೆ ಧಾರಾಳವಾಗಿ ಉಡಿ, ಬಿಳಿ ಮತ್ತು ಕೆನೆ ಬಣ್ಣ ಬಿಟ್ಟು. ಗಂಡಸರಿಗೆ ಶೇರ್ವಾನಿ ಸಾಕು. ಅಲ್ಲಿಯ ಎರಡು ಪದರದ 'ತಕ್ಶೀತಾ' ಬಾಡಿಗೆಗೆ ತೆಗೆದುಕೊಂಡರೆ ಒಂದು ಮಾತು ನೆನಪಿರಲಿ: ಅದರ ತೋಳು ಅಗಲ. ಊಟದ ಹೊತ್ತಿಗೆ ಎಡಗೈಯಿಂದ ಬಲತೋಳನ್ನು ಹಿಡಿದುಕೊಳ್ಳದಿದ್ದರೆ ಸಾರಿನಲ್ಲಿ ಅದ್ದುವುದು ಖಂಡಿತ.

ಊಟ ಎಂದರೆ ನಡುರಾತ್ರಿ. ಕಾರ್ಡಿನಲ್ಲಿ 9 ಗಂಟೆ ಇದ್ದರೂ ಜನ ಸೇರುವುದು 10, 11ಕ್ಕೆ. ಮುಗಿಯುವುದು ಬೆಳಗಿನ ಜಾವ, ಕೆಲವೆಡೆ ಹರೀರಾ ಸೂಪಿನೊಂದಿಗೆ. ಅಲ್ಲಿಯ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅವರ 11 ಗಂಟೆ ನಿಮ್ಮ ಮೈಗೆ ಬೆಳಗಿನ ಮೂರೂವರೆ. ಹಿರಿಯರಿದ್ದರೆ ಮೂರು ದಿನ ಮೊದಲೇ ತಲುಪಿ, ಮದುವೆ ದಿನ ಮಧ್ಯಾಹ್ನ ಕಡ್ಡಾಯವಾಗಿ ಮಲಗಿಸಿ, ಸಂಜೆ ಏನಾದರೂ ತಿನ್ನಿಸಿ.

ದುಂಡು ಮೇಜಿಗೆ ಎಂಟು ಹತ್ತು ಮಂದಿ, ನಡುವೆ ಒಂದೇ ಹರಿವಾಣ. ಬಲಗೈಯಿಂದ ನಿಮ್ಮ ಮುಂದಿನ ಭಾಗದಿಂದ ಮಾತ್ರ ತಿನ್ನಿ. ಮಾಂಸ ಅಥವಾ ಮೀನು ತುಂಬಿದ 'ಬಸ್ತೀಲಾ' ಎಂಬ ಪದರದ ಕಡುಬು ಬಂದ ಕೂಡಲೇ ಹೊಟ್ಟೆ ತುಂಬಿಸಿಕೊಂಡರೆ ಕೆಟ್ಟಿರಿ. ಹಿಂದೆಯೇ ಕೋಳಿ, ಒಣ ಪ್ಲಮ್ ಹಾಕಿದ ಮಾಂಸ, ಹಣ್ಣು ಬರುತ್ತವೆ. ಖಾರ ಇರುವುದಿಲ್ಲ, ಹಾಗೆಂದು ಮೇಜಿನ ಮೇಲೆ ಚಟ್ನಿಪುಡಿ ಡಬ್ಬಿ ಬಿಚ್ಚಬೇಡಿ. ಸಸ್ಯಾಹಾರಿ ಗೆಳೆಯರ ವಿಷಯ ಮಾತ್ರ ವಾರ ಮೊದಲೇ ತಿಳಿಸಿ. 'ಬ್ಲಾ ಲ್ಹಮ್', ಅಂದರೆ ಮಾಂಸ ಬೇಡ, ಎಂದಷ್ಟೇ ಹೇಳಿದರೆ ಕೋಳಿ ಬರುತ್ತದೆ, ಏಕೆಂದರೆ ಅಲ್ಲಿ ಕೋಳಿ 'ಲ್ಹಮ್' ಅಲ್ಲ. 'ಬ್ಲಾ ದ್ಜಾಜ್, ಬ್ಲಾ ಹೂತ್' – ಕೋಳಿಯೂ ಬೇಡ, ಮೀನೂ ಬೇಡ – ಎಂದು ಸೇರಿಸಬೇಕು. ಸಕ್ಕರೆ, ದಾಲ್ಚಿನ್ನಿ ಉದುರಿಸಿದ ಶಾವಿಗೆಯ 'ಸೆಫ್ಫಾ' ನೋಡಿ ಇದು ನಮ್ಮದೇ ಎಂದು ಕೈ ಹಾಕುವ ಮೊದಲು ಕೇಳಿ. ಅದು 'ಸೆಫ್ಫಾ ಮದ್ಫೂನಾ' ಆಗಿದ್ದರೆ, 'ಮದ್ಫೂನಾ' ಎಂದರೆ ಹೂತದ್ದು, ಅದರೊಳಗೆ ಕೋಳಿ ಹೂತಿರುತ್ತಾರೆ.

ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕು. ಮೊರೊಕ್ಕೋದ ಹಣ ದಿರ್ಹಮ್ ಅನ್ನು ಇಲ್ಲಿ ಕೊಳ್ಳಲು ಹೋಗಬೇಡಿ, ಡಾಲರ್ ಅಥವಾ ಯೂರೋ ಒಯ್ದು ಅಲ್ಲಿಯೇ ಬದಲಿಸಿ. ಹಾಡು-ವಾದ್ಯದವರ ಇನಾಮಿಗೆ ಸಣ್ಣ ನೋಟು ಇರಲಿ.

ಕೊನೆಗೆ ಬಿಡಾರ. ಹಳೇ ಫೆಸ್‌ನ ಗಲ್ಲಿಗಳೊಳಗೆ ಕಾರು ಬರುವುದಿಲ್ಲ. ಕೋಟೆ ಬಾಗಿಲ ಹೊರಗೆ ಇಳಿದು ಕೈಗಾಡಿಯಲ್ಲಿ ಸಾಮಾನು ಸಾಗಿಸಬೇಕು. ಹದಿಯಾ ತಟ್ಟೆಗಳು ನಿಮ್ಮ ಬಿಡಾರದಿಂದಲೇ ಹೊರಡುವುದಾದರೆ ಹೊಸ ಊರಿನ ಭಾಗದಲ್ಲಿ, ವ್ಯಾನು ಬಾಗಿಲಿಗೆ ಬರುವಂಥ ಮನೆಯನ್ನೇ ಹಿಡಿಯಿರಿ. ಮದುವೆಯ ಮರುದಿನ ಬೆಳಿಗ್ಗೆ ಹುಡುಗಿಯ ತವರಿನಿಂದ ನವದಂಪತಿಗೆ ತಿಂಡಿ ಹೊತ್ತು ಬರುವ ಪದ್ಧತಿಯೂ ಇದೆ. ಹೋಟೆಲಿನ ಎಂಟು ಕೋಣೆಗಳಲ್ಲಿ ಚದುರಿದ್ದರೆ ಅವರನ್ನು ಕೂರಿಸಲು ಜಾಗವಿರುವುದಿಲ್ಲ. ಒಂದು ದೊಡ್ಡ ಪಡಸಾಲೆ ಇರುವ ಮನೆ ನೋಡಿ, ವಾಪಸ್ ಟಿಕೆಟ್ಟನ್ನು ಅದರ ಮಾರನೆಯ ದಿನಕ್ಕೆ ಮಾಡಿಸಿ.

– ಸಂ.