ನೀರಿಗಿಳಿಯುವ ಮೊದಲು ಅಮ್ಮನಿಗೆ ಫೋನ್ ಮಾಡು

ತಂಗಿ,

ನಿನ್ನ ಮೆಸೇಜನ್ನು ಎರಡು ಸಲ ಓದಿದೆ. ಹಾಸನದಿಂದ ಸ್ಟುಟ್‌ಗಾರ್ಟ್‌ಗೆ ಬಂದು ಎಂಟು ತಿಂಗಳು, ಆಸ್ಪತ್ರೆಯಲ್ಲಿ ನರ್ಸ್ ಕೆಲಸ, ಗೆಳತಿಯ ಜೊತೆ ಕ್ರೈಸ್ತ ಸಭೆಗೆ ಹೋಗುತ್ತಾ ಯೇಸುವನ್ನು ನಂಬಿದ್ದೀಯ. ಜುಲೈನಲ್ಲಿ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ತಗೊಳ್ಳಬಹುದು ಅಂತ ಪಾಸ್ಟರ್ ಹೇಳಿದ್ದಾರೆ. ಮುಳುಗಿದರೇನೇ ರಕ್ಷಣೆಯಾ, ಹೆಸರು ಬದಲಿಸಬೇಕಾ, ಸಂಬಳ ಕಟ್ ಆಗುತ್ತಂತೆ ಹೌದಾ, ಮನೆಯಲ್ಲಿ ಹೇಗೆ ಹೇಳಲಿ – ಇಷ್ಟು ನಿನ್ನ ಪ್ರಶ್ನೆಗಳು.

ಸಂಬಳದ ವಿಷಯ ಮೊದಲು ಮುಗಿಸಿಬಿಡೋಣ. ಜರ್ಮನಿಯಲ್ಲಿ ಕ್ಯಾಥೊಲಿಕ್ ಚರ್ಚ್ ಅಥವಾ ಪ್ರಾಟೆಸ್ಟಂಟರ ಪ್ರಾಂತೀಯ ಚರ್ಚ್ ಆದ ಲಾಂಡೆಸ್‌ಕಿರ್ಷೆಯಲ್ಲಿ ದೀಕ್ಷಾಸ್ನಾನ ಆದರೆ ಆ ಚರ್ಚಿನ ಸದಸ್ಯೆ ಆಗುತ್ತೀಯ. ಆಗ ಚರ್ಚ್ ತೆರಿಗೆ ಬರುತ್ತದೆ. ಅದು ಸಂಬಳದ ಮೇಲಲ್ಲ, ನೀನು ಕಟ್ಟುವ ಆದಾಯ ತೆರಿಗೆಯ ಮೇಲೆ. ನಮ್ಮ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲೂ ಪಕ್ಕದ ಬವೇರಿಯಾದಲ್ಲೂ ಶೇ. 8, ಉಳಿದ ಕಡೆ ಶೇ. 9. ತಿಂಗಳಿಗೆ 500 ಯೂರೋ ಆದಾಯ ತೆರಿಗೆ ಇದ್ದರೆ ಇದು 40 ಯೂರೋ. ನೀನು ಹೋಗುವ ಫ್ರೈಕಿರ್ಷೆಯಂಥ (ಸ್ವತಂತ್ರ ಚರ್ಚ್) ಸಭೆಗಳು ಸಾಮಾನ್ಯವಾಗಿ ಈ ತೆರಿಗೆ ತಗೊಳ್ಳುವುದಿಲ್ಲ, ಕಾಣಿಕೆಯಲ್ಲೇ ನಡೆಯುತ್ತವೆ. ನಿನ್ನ ಕೆಲಸದ ವೀಸಾಕ್ಕೂ ದೀಕ್ಷಾಸ್ನಾನಕ್ಕೂ ಯಾವ ಸಂಬಂಧವೂ ಇಲ್ಲ. ಯಾರಾದರೂ ಇದೆ ಅಂದರೆ ಸುಮ್ನೆ ನಕ್ಕುಬಿಡು.

ಈಗ ಮುಖ್ಯ ವಿಷಯ. ‘ಸ್ನಾನ’ ಅನ್ನುವ ಮಾತು ನಮ್ಮಂಥವರಿಗೆ ಸ್ವಲ್ಪ ಮೋಸ ಮಾಡುತ್ತದೆ. ನಾವು ತೀರ್ಥಸ್ನಾನ ನೋಡಿ ಬೆಳೆದವರು. ಹೊಳೆಯಲ್ಲಿ ಮೂರು ಮುಳುಗು ಹಾಕಿದರೆ ಪಾಪ ತೊಳೆದುಹೋಯಿತು ಅಂತ ಕೇಳಿದವರು. ನಾನೂ ಇದನ್ನು ಹಾಗೇ ಅಂದುಕೊಂಡಿದ್ದೆ, ಜರ್ಮನಿಯ ತೀರ್ಥಸ್ನಾನ! ಆದರೆ ಬೈಬಲ್ಲಿನಲ್ಲಿ ಪೌಲ ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯ ಓದು. ಅಲ್ಲಿ ಅವನು ಹೇಳುವುದು ಮೈ ತೊಳೆಯುವ ಮಾತಲ್ಲ, ಮಣ್ಣು ಮಾಡುವ ಮಾತು. ಕ್ರಿಸ್ತನ ಜೊತೆ ಸತ್ತು, ಅವನ ಜೊತೆ ಹೂಳಿಸಿಕೊಂಡು, ಅವನ ಜೊತೆ ಹೊಸ ಬದುಕಿಗೆ ಎದ್ದು ಬರುವುದು. ನೀರೊಳಗೆ ಹೋಗುವುದು ಸಮಾಧಿ, ಮೇಲೆ ಬರುವುದು ಎದ್ದು ಬರುವುದು. ಅದಕ್ಕೇ ಇದು ಒಂದೇ ಸಲ. ಸ್ನಾನ ದಿನಾ ಮಾಡಬಹುದು, ಮಣ್ಣಾಗುವುದು ಒಮ್ಮೆ ಮಾತ್ರ, ಅಲ್ವಾ? ಯೇಸುವಿನ ಶಿಷ್ಯ ಪೇತ್ರನೂ ತನ್ನ ಮೊದಲ ಪತ್ರದಲ್ಲಿ ಇದು ಮೈಯ ಕೊಳೆ ತೆಗೆಯುವುದಲ್ಲ ಅಂತ ಬಿಡಿಸಿ ಹೇಳುತ್ತಾನೆ.

ಹಾಗಾದರೆ ಮುಳುಗದಿದ್ದರೆ ರಕ್ಷಣೆ ಇಲ್ಲವಾ? ಶಿಲುಬೆಯಲ್ಲಿ ಯೇಸುವಿನ ಪಕ್ಕ ಇದ್ದ ಕಳ್ಳನಿಗೆ ಒಂದು ಹನಿ ನೀರೂ ಬೀಳಲಿಲ್ಲ. ಆದರೂ ‘ಇವತ್ತೇ ನನ್ನ ಜೊತೆ ಪರದೈಸಿನಲ್ಲಿರುತ್ತೀ’ ಅಂತ ಮಾತು ಸಿಕ್ಕಿತು. ನಂಬಿಕೆ ಮೊದಲು, ನೀರು ಅದರ ಬಹಿರಂಗ ಸಾಕ್ಷಿ – ನಿನ್ನ ಸಭೆ ಕಲಿಸುವುದು ಇದನ್ನೇ, ನಾನು ನಂಬುವುದೂ ಇದನ್ನೇ. ಕ್ಯಾಥೊಲಿಕರು, ಲೂಥರನ್ನರು ಹೀಗೆ ಹೇಳುವುದಿಲ್ಲ. ಆ ನೀರಿನ ಮೂಲಕವೇ ದೇವರು ಕೃಪೆ ಕೊಡುತ್ತಾನೆ ಅನ್ನುತ್ತಾರೆ, ಕೂಸುಗಳಿಗೂ ಕೊಡುತ್ತಾರೆ, ತಲೆಯ ಮೇಲೆ ಮೂರು ಸಲ ಹೊಯ್ಯುತ್ತಾರೆ. ಈ ವಿಷಯಕ್ಕೆ ಇಲ್ಲಿ ದೊಡ್ಡ ಜಗಳಗಳೇ ಆಗಿವೆ. 1834ರಲ್ಲಿ ಹ್ಯಾಂಬರ್ಗ್ ಹತ್ತಿರ ಯೋಹಾನ್ ಓಂಕನ್ ಸೇರಿ ಏಳು ಜನ ರಾತ್ರಿ ಹೊತ್ತು ಎಲ್ಬೆ ನದಿಯಲ್ಲಿ ಮುಳುಗಿ ದೀಕ್ಷಾಸ್ನಾನ ತಗೊಂಡರು. ಜರ್ಮನಿಯ ಬ್ಯಾಪ್ಟಿಸ್ಟ್ ಸಭೆ ಶುರುವಾಗಿದ್ದು ಹಾಗೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿಳಿದಿದ್ದೂ ಅದೇ ವರ್ಷ.

ಹೆಸರು ಬದಲಿಸಬೇಕಿಲ್ಲ. ಮಂಗಳೂರಿನ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ತಗೊಂಡರು. ಬಾಸೆಲ್ ಮಿಷನ್ನಿನ ಪಾದ್ರಿ ಹರ್ಮನ್ ಮೋಗ್ಲಿಂಗ್ ಅವರ ‘ಹರ್ಮನ್’ ಅನ್ನುವ ಹೆಸರನ್ನು ತಮ್ಮ ಹೆಸರಿನ ಮುಂದೆ ಸೇರಿಸಿಕೊಂಡರು, ಆದರೆ ಆನಂದರಾವ್ ಕೌಂಡಿನ್ಯ ಹಾಗೇ ಉಳಿಯಿತು. ಬಾಸೆಲ್‌ಗೆ ಬಂದು ಓದಿ, ಪಾದ್ರಿಯಾಗಿ ಊರಿಗೆ ಮರಳಿದರು. ನಿನ್ನ ಹೆಸರಂತೂ ಇಲ್ಲಿನವರ ಬಾಯಲ್ಲಿ ಆಗಲೇ ಬದಲಾಗಿರುತ್ತದೆ ಬಿಡು.

ಇನ್ನು ಅಮ್ಮ. ಇಲ್ಲಿ ನನ್ನ ತಪ್ಪು ಹೇಳುತ್ತೇನೆ. ನಾನು ಧಾರವಾಡದ ಕಡೆಯವಳು, 2006ರಲ್ಲಿ ಬಂದೆ. ಮೂರನೇ ವರ್ಷ ದೀಕ್ಷಾಸ್ನಾನ ತಗೊಂಡೆ. ಮನೆಗೆ ಹೇಳಲಿಲ್ಲ. ಊರಿಗೆ ಹೋದಾಗ ಎದುರಾಎದುರೇ ಹೇಳಿದರಾಯಿತು ಅಂತ ಸಮಾಧಾನ ಮಾಡಿಕೊಂಡೆ, ನಿಜ ಅಂದರೆ ಹೆದರಿದ್ದೆ. ಸಭೆಯ ಯಾರೋ ಫೇಸ್‌ಬುಕ್‌ನಲ್ಲಿ ಫೋಟೊ ಹಾಕಿದರು. ನನ್ನ ತಮ್ಮ ನೋಡಿದ, ಅವ್ವನಿಗೆ ತೋರಿಸಿದ. ಒದ್ದೆ ಕೂದಲು, ಬಿಳಿ ಗೌನು, ನಗುಮುಖ. ಆರು ತಿಂಗಳು ಅವ್ವ ಫೋನ್ ಎತ್ತಲಿಲ್ಲ. ಆಮೇಲೆ ಅವಳು ಹೇಳಿದ್ದು ಒಂದೇ ಮಾತು: ‘ದೇವರು ಬ್ಯಾರೆ ಆಗಿದ್ದಕ್ಕಲ್ಲ, ನನಗ ಹೇಳಲಿಲ್ಲಲ್ಲ ನೀ.’

ಬೈಬಲ್ಲಿನಲ್ಲಿ ಬರುವ ಇಥಿಯೋಪ್ಯದ ಕಂಚುಕಿ (ರಾಣಿಯ ಅಧಿಕಾರಿ) ದಾರಿಯಲ್ಲಿ ನೀರು ಕಂಡ ಕೂಡಲೇ ರಥ ನಿಲ್ಲಿಸಿ ದೀಕ್ಷಾಸ್ನಾನಕ್ಕೆ ಇಳಿದ. ಕಾಯಬೇಕು ಅನ್ನುವುದಕ್ಕೆ ಬೈಬಲ್ಲಿನಿಂದ ನನ್ನ ಹತ್ತಿರ ದೊಡ್ಡ ಆಧಾರವೇನೂ ಇಲ್ಲ. ಆದರೂ ಜುಲೈಗೆ ಆಗದಿದ್ದರೆ ಮುಂದಿನ ಸಲ ಅಂತ ಪಾಸ್ಟರಿಗೆ ಧೈರ್ಯವಾಗಿ ಹೇಳಬಹುದು. ಒಳ್ಳೆಯ ಪಾಸ್ಟರ್ ಬೇಜಾರು ಮಾಡಿಕೊಳ್ಳುವುದಿಲ್ಲ. ಇನ್ನೊಂದು ಮಾತು, ಒರಟಾಗಿ ಕೇಳಿಸಿದರೆ ಕ್ಷಮಿಸು. ಮೊದಲ ಚಳಿಗಾಲದಲ್ಲಿ ಇಲ್ಲಿ ಒಂಟಿತನ ಜಾಸ್ತಿ. ಭಾನುವಾರ ಯಾರೋ ಹೆಸರು ಹಿಡಿದು ಕರೆದು ಕಾಫಿ ಕೊಟ್ಟರೆ ಅಳು ಬರುತ್ತದೆ. ಆ ಪ್ರೀತಿ ನಿಜವೇ. ಆದರೆ ನೀನು ಯೇಸುವಿಗೆ ಹೌದು ಅನ್ನುತ್ತಿದ್ದೀಯೋ ಆ ಕಾಫಿ ಟೇಬಲ್ಲಿಗೋ ಅಂತ ಒಂದು ಸಂಜೆ ಕೂತು ಕೇಳಿಕೋ. ಕಾಫಿ ದೀಕ್ಷಾಸ್ನಾನ ಇಲ್ಲದೆಯೂ ಸಿಗುತ್ತದೆ.

ಅಮ್ಮನಿಗೆ ಮೆಸೇಜ್ ಹಾಕಬೇಡ, ಫೋನ್ ಮಾಡು. ಅಡುಗೆ ಕೆಲಸ ಮುಗಿದ ಹೊತ್ತು ನೋಡಿ ಮಾಡು. ಬೈದರೆ ಬೈಸಿಕೋ, ವಾದಕ್ಕೆ ಇಳಿಯಬೇಡ. ಫೋಟೊ ಎಲ್ಲೂ ಹಾಕಬೇಡಿ ಅಂತ ಸಭೆಯವರಿಗೂ ಮೊದಲೇ ಹೇಳಿಡು.

ದಿನ ಗೊತ್ತಾದರೆ ತಿಳಿಸು. ಸಭೆಯೊಳಗಿನ ತೊಟ್ಟಿಯಾದರೆ ನೀರು ಬೆಚ್ಚಗಿರುತ್ತದೆ, ಕೆರೆಯಾದರೆ ಜುಲೈನಲ್ಲೂ ನಡುಗುತ್ತೀಯ. ಗೌನಿನ ಒಳಗೆ ಗಾಢ ಬಣ್ಣದ ಬಟ್ಟೆ ಹಾಕಿಕೋ. ಕೂದಲಿಗೆ ಬೇರೆ ಟವೆಲ್ ಬೇಕಾಗುತ್ತದೆ, ಅದನ್ನೂ ಚಿತ್ರಾನ್ನವನ್ನೂ ನಾನು ತರುತ್ತೇನೆ.