ನೀಲಿ ಬಣ್ಣದ ಸುತ್ತ: ಓದುಗರ ಪ್ರಶ್ನೆ, ನಮ್ಮ ಉತ್ತರ

ಚಿತ್ರಕಲೆಗೆ ನಿಸರ್ಗ ಮತ್ತು ವಿಜ್ಞಾನಗಳಿಂದ ಏನು ದೊರೆಯುತ್ತದೆ ಎಂಬುದರ ಬಗ್ಗೆ ಬಂದ ಪತ್ರಗಳಲ್ಲಿ ನೀಲಿ ಬಣ್ಣಕ್ಕೆ ಸಂಬಂಧಿಸಿದವನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಕಡೆ ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರದಲ್ಲಿ ಕೆಂಪು, ಬಿಳಿ, ಕಪ್ಪು, ಹಳದಿ ಇವೆ, ನೀಲಿ ಮಾತ್ರ ಇಲ್ಲ. ಮೇಲೆ ಆಕಾಶ, ತಂತಿಯ ಮೇಲೆ ನೀಲಕಂಠ ಹಕ್ಕಿ ಕಾಣುತ್ತಿದ್ದರೂ ಚಿತ್ತಾರ ಬರೆಯುವವರು ನೀಲಿಯನ್ನು ಏಕೆ ಬಳಸಲಿಲ್ಲ? (ಸಾಗರದ ಓದುಗರು)

ಉತ್ತರ: ಅವರ ಸುತ್ತಲಿನ ನಿಸರ್ಗ ನೀಲಿಯನ್ನು ಕಣ್ಣಿಗೆ ಧಾರಾಳವಾಗಿ ತೋರಿಸಿತು, ಕೈಗೆ ಕೊಡಲಿಲ್ಲ. ಇದನ್ನು ಬರೆಯುವ ದೀವರ ಸಮುದಾಯದ ಹೆಣ್ಣುಮಕ್ಕಳ ಚಿತ್ತಾರದಲ್ಲಿ ಕೆಂಪು ಕೆಮ್ಮಣ್ಣಿನಿಂದ, ಬಿಳಿ ಅರೆದ ಅಕ್ಕಿಯಿಂದ, ಕಪ್ಪು ಹುರಿದು ಕರಿಕಾಗಿಸಿದ ಅಕ್ಕಿಯಿಂದ, ಹಳದಿ ಗುರಿಗೆ ಬೀಜದಿಂದ ಬರುತ್ತದೆ. ಕುಂಚ ಕೂಡ ಪುಂಡಿ ನಾರಿನದು. ಈ ಬಣ್ಣದ ವಸ್ತುಗಳನ್ನು ಅರೆದರೂ ನೆನೆಸಿದರೂ ಅವುಗಳ ಬಣ್ಣ ಕೆಡುವುದಿಲ್ಲ. ನೀಲಕಂಠದ ರೆಕ್ಕೆಯ ನೀಲಿ ಹಾಗಲ್ಲ. ಆ ಗರಿಯಲ್ಲಿ ನೀಲಿ ವರ್ಣದ್ರವ್ಯವೇ ಇಲ್ಲ. ಗರಿಯ ಎಳೆಗಳೊಳಗೆ ಸ್ಪಂಜಿನಂತೆ ಹರಡಿರುವ, ಬೆಳಕಿನ ಅಲೆಯುದ್ದಕ್ಕಿಂತಲೂ ಸಣ್ಣದಾದ ಗಾಳಿಯ ರಂಧ್ರಗಳು ಬೆಳಕಿನ ನೀಲಿ ಭಾಗವನ್ನು ಹೆಚ್ಚಾಗಿ ಹಿಂದಕ್ಕೆ ಚದುರಿಸುವುದರಿಂದ ಅದು ನಮಗೆ ನೀಲಿಯಾಗಿ ಕಾಣುತ್ತದೆ. ಗರಿಯನ್ನು ನುಣ್ಣಗೆ ಅರೆದು ಆ ರಚನೆಯನ್ನು ಒಡೆದರೆ ಉಳಿಯುವುದು ಮಂಕು ಕಂದು ಪುಡಿ. ನವಿಲುಗರಿಯ ರಚನೆ ಬೇರೆ ಬಗೆಯದಾದರೂ ಅದರ ನೀಲಿಯೂ ರಚನೆಯಿಂದಲೇ ಹುಟ್ಟಿದ್ದು. ನಮ್ಮ ರಾಜ್ಯಪಕ್ಷಿಯಾದ ಈ ನೀಲಕಂಠದ ಬಣ್ಣದ ಮೂಲವನ್ನು ಸರ್ ಸಿ. ವಿ. ರಾಮನ್ ಅವರು ಬೆಂಗಳೂರಿನಲ್ಲಿ ಪರಿಶೀಲಿಸಿ, 1934ರಲ್ಲಿ ತಾವೇ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯ ಮೊದಲ ಸಂಪುಟದಲ್ಲೇ ಬರೆದರು ಎಂಬುದನ್ನು ಚಿತ್ರಕಲೆ ಕಲಿಯುವ ಪ್ರತಿಯೊಬ್ಬರಿಗೂ ಹೇಳಬೇಕೆಂದು ನನಗೆ ಅನ್ನಿಸುತ್ತದೆ.

ಹೂವಿನ ನೀಲಿಯೂ ನೆಚ್ಚುವಂಥದಲ್ಲ. ಶಂಖಪುಷ್ಪದ ರಸಕ್ಕೆ ನಿಂಬೆಹುಳಿ ಬಿದ್ದರೆ ನೇರಳೆಯತ್ತ ತಿರುಗುತ್ತದೆ, ಬಿಸಿಲಿಗೆ ಇಟ್ಟರೆ ಮಾಸುತ್ತದೆ. ನೀಲಿ ಗಿಡದ ಸೊಪ್ಪನ್ನು ಕೊಳೆಸಿ, ಗಾಳಿಯಾಡಿಸಿ ತೆಗೆಯುವ ಬಣ್ಣ ಬಟ್ಟೆಗೆ ಸೊಗಸಾಗಿ ಹಿಡಿಯುತ್ತದೆಯಾದರೂ ಅದನ್ನು ತೆಗೆಯುವುದು ಅಡುಗೆಮನೆಯ ಕೆಲಸವಲ್ಲ. ಉಳಿದದ್ದು ಲಾಜವರ್ದ ಕಲ್ಲು. ಅಫ್ಘಾನಿಸ್ತಾನದ ಬದಖ್ಶಾನ್ ಗಣಿಗಳಿಂದ ಬಂದ ಈ ಕಲ್ಲಿನ ನೀಲಿ ಅಜಂತಾದ 5ನೆಯ ಶತಮಾನದ ಭಿತ್ತಿಚಿತ್ರಗಳಲ್ಲಿ ಇದೆ. ಅದನ್ನು ಸುಮ್ಮನೆ ಅರೆದರೆ ಬೂದು ಬೆರೆತ ಪುಡಿ ಸಿಗುತ್ತದೆ. ಪುಡಿಯನ್ನು ಮೇಣ ಮತ್ತು ರಾಳದಲ್ಲಿ ಕಲಸಿ, ಬೂದಿಯ ಕ್ಷಾರಜಲದಲ್ಲಿ ನಾದಿದಾಗ ಮಾತ್ರ ಶುದ್ಧ ನೀಲಿ ಕಣಗಳು ಬೇರೆಯಾಗಿ ತಳಕ್ಕೆ ಇಳಿಯುತ್ತವೆ. 15ನೆಯ ಶತಮಾನದ ಇಟಲಿಯಲ್ಲಿ ಚಿತ್ರ ಬರೆಸುವವರು ಎಷ್ಟು ಬೆಲೆಯ ನೀಲಿಯನ್ನು ಬಳಸಬೇಕೆಂದು ಕರಾರಿನಲ್ಲೇ ಬರೆಸುತ್ತಿದ್ದದ್ದಕ್ಕೆ ಕಾರಣ ಈ ದೂರ ಮತ್ತು ಈ ದುಡಿಮೆ.

ಈ ಪರಿಸ್ಥಿತಿಯನ್ನು ಬದಲಿಸಿದ್ದು ಬರ್ಲಿನ್‌ನಲ್ಲಿ 1706ರ ಸುಮಾರಿಗೆ ನಡೆದ ಒಂದು ಆಕಸ್ಮಿಕ. ಡೀಸ್‌ಬಾಖ್ ಎಂಬ ಬಣ್ಣಗಾರ ಕೆಂಪು ಬಣ್ಣ ತಯಾರಿಸಲು ಹೊರಟಿದ್ದ. ಅವನು ಬಳಸಿದ ಪೊಟ್ಯಾಷ್‌ನಲ್ಲಿ ಪ್ರಾಣಿಜನ್ಯ ಎಣ್ಣೆಯ ಕಲ್ಮಶ ಸೇರಿದ್ದರಿಂದ ಕಬ್ಬಿಣದೊಡನೆ ಕೂಡಿ ಗಾಢ ನೀಲಿ ಹುಟ್ಟಿತು. ಅದೇ ಪ್ರಷ್ಯನ್ ನೀಲಿ. ಸುಮಾರು ನೂರಿಪ್ಪತ್ತು ವರ್ಷಗಳ ನಂತರ ಅದು ವ್ಯಾಪಾರಿಗಳ ಹಡಗುಗಳಲ್ಲಿ ಜಪಾನಿಗೆ ಅಗ್ಗವಾಗಿ ತಲುಪತೊಡಗಿದಾಗ, ಎಪ್ಪತ್ತರ ಆಸುಪಾಸಿನಲ್ಲಿದ್ದ ಅಲ್ಲಿನ ಚಿತ್ರಕಾರ ಹೊಕುಸಾಯ್ 1831ರ ಸುಮಾರಿಗೆ ಕನಗಾವಾದ ಮಹಾ ಅಲೆಯ ಮರದಚ್ಚಿನ ಚಿತ್ರವನ್ನು ಅದರಲ್ಲಿ ಮುದ್ರಿಸಿದರು. ಅದುವರೆಗೆ ಅಲ್ಲಿ ಬಳಕೆಯಲ್ಲಿದ್ದ ಹೂವಿನ ನೀಲಿ ತೇವಕ್ಕೂ ಬೆಳಕಿಗೂ ಕೆಡುತ್ತಿತ್ತು. ಹೊಸ ನೀಲಿಯನ್ನು ತೆಳುವಾಗಿ ಎಳೆದರೂ ಗಟ್ಟಿಯಾಗಿ ಒತ್ತಿದರೂ ಅಲೆಯ ಆಳ ಮತ್ತು ಅಂಚು ಎರಡೂ ಮೂಡುತ್ತಿದ್ದವು. ಸಮುದ್ರವನ್ನು ಹಾಗೆ ನೋಡಿದ ಕಣ್ಣು ಹೊಕುಸಾಯ್‌ರದೇ. ಆದರೂ ಬರ್ಲಿನ್‌ನ ಆ ರಸಾಯನವಿಲ್ಲದೆ ಆ ಅಲೆಯನ್ನು ಅದೇ ರೂಪದಲ್ಲಿ ಬರೆಯಲಾಗುತ್ತಿರಲಿಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ.

ಪ್ರಶ್ನೆ: ಹಸಿ ಸುಣ್ಣದ ಗಾರೆಯ ಮೇಲೆ ಭಿತ್ತಿಚಿತ್ರ ಬರೆಯುವ ಅಭ್ಯಾಸದಲ್ಲಿ ಪ್ರಷ್ಯನ್ ನೀಲಿ ಬಳಸಿದೆ. ಸ್ವಲ್ಪ ಕಾಲದಲ್ಲೇ ಅದು ಕಂದು ಬಣ್ಣಕ್ಕೆ ತಿರುಗಿತು. ಬಣ್ಣ ಕಲಬೆರಕೆಯದಿತ್ತೇ? (ಚಿತ್ರಕಲೆಯ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಶುದ್ಧವಾದ ಪ್ರಷ್ಯನ್ ನೀಲಿಯೂ ಹೀಗೆಯೇ ಕಂದಾಗುತ್ತದೆ. ಹಸಿ ಸುಣ್ಣ ತೀವ್ರ ಕ್ಷಾರ. ಕ್ಷಾರದಲ್ಲಿ ಪ್ರಷ್ಯನ್ ನೀಲಿ ಒಡೆದು, ಅದರೊಳಗಿನ ಕಬ್ಬಿಣ ತುಕ್ಕಿನ ಬಣ್ಣದ ಹೈಡ್ರಾಕ್ಸೈಡ್ ಆಗುತ್ತದೆ. ಸುಣ್ಣದ ಗೋಡೆಗೆ ಅಲ್ಟ್ರಾಮರೀನ್, ಅಂದರೆ ಲಾಜವರ್ದದ ನೀಲಿಯನ್ನು ಅಥವಾ ಫ್ರಾನ್ಸಿನ ಥೆನಾರ್ 1802ರಲ್ಲಿ ರೂಪಿಸಿದ ಕೋಬಾಲ್ಟ್ ನೀಲಿಯನ್ನು ಬಳಸಿ. ಲಾಜವರ್ದದ ನೀಲಿಯನ್ನು ಕೃತಕವಾಗಿ ತಯಾರಿಸಿದವರಿಗೆ 6,000 ಫ್ರಾಂಕ್ ಬಹುಮಾನ ಕೊಡುವುದಾಗಿ ಫ್ರಾನ್ಸಿನ ಸಂಸ್ಥೆಯೊಂದು 1824ರಲ್ಲಿ ಸಾರಿತ್ತು. 1828ರಲ್ಲಿ ಅದು ಗಿಮೆ ಎಂಬವರಿಗೆ ಸಂದಿತು. ಬಿಳಿ ಬಟ್ಟೆಗೆ ಹಾಕುವ, ಹಳ್ಳಿಗಳಲ್ಲಿ ಗೋಡೆಯ ಸುಣ್ಣಕ್ಕೆ ಬೆರೆಸುವ ನೀಲಿ ಪುಡಿ ಬಹುಕಾಲ ಇದೇ ಕೃತಕ ಅಲ್ಟ್ರಾಮರೀನ್ ಆಗಿತ್ತು. ಒಂದು ಕಾಲಕ್ಕೆ ಚಿನ್ನಕ್ಕೆ ಹೋಲಿಸುತ್ತಿದ್ದ ಬಣ್ಣ ನಮ್ಮ ಅಜ್ಜಿಯರ ಬಚ್ಚಲುಮನೆಯ ಗೂಡಿಗೆ ಬಂದದ್ದು ಹೀಗೆ. ಇದು ಕ್ಷಾರವನ್ನು ತಾಳುತ್ತದೆ, ಆಮ್ಲವನ್ನು ಮಾತ್ರ ತಾಳುವುದಿಲ್ಲ.

ಪ್ರಶ್ನೆ: ಪ್ರೌಢಶಾಲೆಯ ಮಕ್ಕಳಿಗೆ ಸೂರ್ಯನ ಬೆಳಕಿನಿಂದ ಎಲೆಗಳ ನೀಲಿ ಚಿತ್ರ ಮಾಡಿಸಬೇಕೆಂದಿದ್ದೇನೆ. ಇದು ವಿಜ್ಞಾನದ ಪಾಠವೋ ಚಿತ್ರಕಲೆಯ ಪಾಠವೋ ಎಂದು ಸಹೋದ್ಯೋಗಿಗಳು ಕೇಳುತ್ತಿದ್ದಾರೆ. (ಶಿಕ್ಷಕರು, ತುಮಕೂರು)

ಉತ್ತರ: ಎರಡೂ ಅವಧಿಗಳನ್ನು ಸೇರಿಸಿ ಮಾಡಿಸಿ. ಈ ಸಯನೋಟೈಪ್ ವಿಧಾನವನ್ನು 1842ರಲ್ಲಿ ಕಂಡುಹಿಡಿದ ಜಾನ್ ಹರ್ಷೆಲ್ ಖಗೋಳ ವಿಜ್ಞಾನಿ. ಮರುವರ್ಷವೇ ಅದನ್ನು ಬಳಸಿ ಬ್ರಿಟನ್ನಿನ ಸಮುದ್ರಪಾಚಿಗಳ ಚಿತ್ರಗಳನ್ನು ಪ್ರಕಟಿಸತೊಡಗಿದ ಅನ್ನಾ ಅಟ್ಕಿನ್ಸ್ ಸಸ್ಯಶಾಸ್ತ್ರಜ್ಞೆ. ಪಾಚಿಯ ಎಳೆಗಳನ್ನು ಹಾಳೆಯ ಮೇಲೆ ಹರಡಿದ ಅವರ ರೀತಿಯನ್ನು ಗಮನಿಸಿದರೆ, ಜಾತಿಯನ್ನು ಗುರುತಿಸಲು ಬೇಕಾದ ನಿಖರತೆಯೂ ಖಾಲಿ ಜಾಗವನ್ನು ಅಳೆದು ಬಿಡುವ ಚಿತ್ರಕಾರಳ ವಿವೇಚನೆಯೂ ಒಂದೇ ಕೈಯಲ್ಲಿ ಇದ್ದದ್ದು ಕಾಣುತ್ತದೆ. ಮಕ್ಕಳಿಗೆ ತೋರಿಸಬೇಕಾದದ್ದು ಇದನ್ನೇ.

ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್ 10 ಗ್ರಾಂ, ಇವನ್ನು ತಲಾ 100 ಮಿಲಿಲೀಟರ್ ನೀರಿನಲ್ಲಿ ಬೇರೆ ಬೇರೆಯಾಗಿ ಕರಗಿಸಿ, ಬಳಸುವ ಮುನ್ನ ಸಮ ಪ್ರಮಾಣದಲ್ಲಿ ಬೆರೆಸಿ. ಮಂದ ಬೆಳಕಿನ ಕೋಣೆಯಲ್ಲಿ ದಪ್ಪ ಕಾಗದಕ್ಕೆ ಬಳಿದು, ಒಣಗಿದ ಮೇಲೆ ಎಲೆಯಿಟ್ಟು ಗಾಜಿನಿಂದ ಒತ್ತಿ ಬಿಸಿಲಿಗೆ ಇಡಿ. ತೆರೆದ ಭಾಗ ಕಂಚು ಬೆರೆತ ಬೂದು ಬಣ್ಣಕ್ಕೆ ಬಂದಾಗ ತೆಗೆದು, ಹಳದಿ ನೀರು ನಿಲ್ಲುವವರೆಗೆ ತೊಳೆಯಿರಿ. ಅತಿನೇರಳೆ ಕಿರಣ ತಾಗಿದ ಕಡೆ ಪ್ರಷ್ಯನ್ ನೀಲಿ ಹುಟ್ಟುತ್ತದೆ, ಎಲೆಯ ನೆರಳಿದ್ದ ಕಡೆ ಕಾಗದ ಬೆಳ್ಳಗೆ ಉಳಿಯುತ್ತದೆ. ಧಾರವಾಡದ ವಿದ್ಯಾರ್ಥಿನಿಗೆ ಹೇಳಿದ ಮಾತು ಇಲ್ಲಿಯೂ ಅನ್ವಯಿಸುತ್ತದೆ: ಕ್ಷಾರಗುಣದ ಕೊಳವೆಬಾವಿ ನೀರಿನಲ್ಲಿ ನೀಲಿ ಪೇಲವವಾಗಬಹುದು, ಮೊದಲ ತೊಳೆತದ ನೀರಿಗೆ ಕೆಲವು ಹನಿ ನಿಂಬೆರಸ ಸೇರಿಸಿ, ಸೋಪು ತಾಗಿಸಬೇಡಿ. ದ್ರಾವಣವನ್ನು ನೀವೇ ಕೈಗವಸು ಹಾಕಿಕೊಂಡು ತಯಾರಿಸಿ, ತೀವ್ರ ಆಮ್ಲದಿಂದಲೂ ಬೆಂಕಿಯಿಂದಲೂ ದೂರವಿಡಿ.

ಪ್ರಶ್ನೆ: ಇನ್ನೂ ಹೊಸ ನೀಲಿಗಳು ಹುಟ್ಟುತ್ತಿವೆಯೇ? (ಓದುಗರು, ಮಂಗಳೂರು)

ಉತ್ತರ: ಹುಟ್ಟುತ್ತಿವೆ. ಚೆನ್ನೈಯಲ್ಲಿ ಹುಟ್ಟಿದ ರಸಾಯನವಿಜ್ಞಾನಿ ಮಾಸ್ ಸುಬ್ರಮಣಿಯನ್ ಅವರ ತಂಡ 2009ರಲ್ಲಿ ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್‌ಗೆ ಬೇಕಾದ ವಸ್ತುಗಳನ್ನು ಹುಡುಕುತ್ತಿದ್ದಾಗ, ಇಟ್ರಿಯಂ, ಇಂಡಿಯಂ ಮತ್ತು ಮ್ಯಾಂಗನೀಸ್ ಆಕ್ಸೈಡ್‌ಗಳ ಮಿಶ್ರಣ ಕುಲುಮೆಯಿಂದ ಉಜ್ವಲ ನೀಲಿಯಾಗಿ ಹೊರಬಂದಿತು. ಇಂಡಿಯಂ ದುಬಾರಿಯಾದ್ದರಿಂದ ಬಣ್ಣವೂ ದುಬಾರಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಮೈಸೂರು ಶೈಲಿಯ ಹಳೆಯ ಕೃಷ್ಣನ ಚಿತ್ರವಿದೆ. ಕಿಟಕಿಯ ಎದುರಿನ ಗೋಡೆಯಲ್ಲಿದ್ದು, ಬಂಗಾರ ಹೊಳೆಯುತ್ತಿದ್ದರೂ ಬಣ್ಣಗಳು ಮಾಸಿವೆ. ಮತ್ತೆ ಬಣ್ಣ ಹಾಕಿಸಬಹುದೇ? (ಓದುಗರು, ನಂಜನಗೂಡು)

ಉತ್ತರ: ದಯವಿಟ್ಟು ಹಾಕಿಸಬೇಡಿ. ಶುದ್ಧ ಬಂಗಾರದ ರೇಕಿಗೆ ಬೆಳಕಿನಿಂದ ಏನೂ ಆಗದು. ಗಿಡ ಮತ್ತು ಕೀಟಗಳಿಂದ ಬಂದ ಬಣ್ಣಗಳ ಅಣುಗಳನ್ನು ಬೆಳಕು ಒಡೆಯುತ್ತದೆ, ಒಡೆದದ್ದು ಮರಳಿ ಕೂಡುವುದಿಲ್ಲ. ವಿನ್ಸೆಂಟ್ ವ್ಯಾನ್ ಗೋ 1888ರಲ್ಲಿ ತಮ್ಮ ಮಲಗುವ ಕೋಣೆಯ ಚಿತ್ರ ಬರೆದಾಗ ಗೋಡೆಗಳು ತಿಳಿ ನೇರಳೆ ಎಂದು ತಮ್ಮನಿಗೆ ಪತ್ರದಲ್ಲಿ ತಿಳಿಸಿದ್ದರು. ನೇರಳೆಯಲ್ಲಿ ಬೆರೆತಿದ್ದ ಕೆಂಪು ಬೆಳಕಿಗೆ ಮಾಸಿಹೋಗಿ, ಇಂದು ನಾವು ನೋಡುವ ಗೋಡೆಗಳು ನೀಲಿಯಾಗಿವೆ. ವಿಜ್ಞಾನಿಗಳು ಮೂಲ ಬಣ್ಣವನ್ನು ಪತ್ತೆ ಮಾಡಿ ಕಂಪ್ಯೂಟರಿನಲ್ಲಿ ಮರುರೂಪಿಸಿ ತೋರಿಸಿದರೇ ಹೊರತು ಮೂಲ ಚಿತ್ರದ ಮೇಲೆ ಕುಂಚ ಇಡಲಿಲ್ಲ. ನೀವೂ ಚಿತ್ರವನ್ನು ನೇರ ಬೆಳಕು ಬೀಳದ, ತೇವವಿಲ್ಲದ ಒಳಗೋಡೆಗೆ ವರ್ಗಾಯಿಸಿ. ಒದ್ದೆ ಬಟ್ಟೆಯಿಂದ ಒರೆಸಬೇಡಿ, ಏಕೆಂದರೆ ಬಂಗಾರದ ಕೆಳಗಿನ ಉಬ್ಬು ಲೇಪನಕ್ಕೆ ಅಂಟು ಸೇರಿರುತ್ತದೆ, ನೀರು ತಾಗಿದರೆ ಅದು ಸಡಿಲವಾಗುತ್ತದೆ. ಚೌಕಟ್ಟಿನ ಗಾಜು ಚಿತ್ರಕ್ಕೆ ನೇರವಾಗಿ ಅಂಟದಂತೆ ನಡುವೆ ಕೊಂಚ ಜಾಗವಿರಲಿ, ಮತ್ತು ಚಿತ್ರವನ್ನು ಸರಿಸುವ ಮೊದಲು ಅದರ ಇಂದಿನ ಸ್ಥಿತಿಯ ಒಳ್ಳೆಯ ಛಾಯಾಚಿತ್ರವೊಂದನ್ನು ತೆಗೆಸಿಡಿ. ಮುಂದೆ ಸಂರಕ್ಷಣಾ ತಜ್ಞರಿಗೆ ತೋರಿಸುವಾಗ ಎಷ್ಟು ಮಾಸಿದೆ ಎಂದು ಹೋಲಿಸಲು ಅದೇ ಆಧಾರವಾಗುತ್ತದೆ.