ಪ್ರೋಟೀನನ್ನು ಕೈಯಾರೆ ಕಟ್ಟುವುದು ಯಾಕೆ?

ಪ್ರಶ್ನೆ: ಜೀನ್ ತಿದ್ದಿ ಬ್ಯಾಕ್ಟೀರಿಯಾದೊಳಗೆ ಸೇರಿಸಿದರೆ ಬೇಕಾದ ಪ್ರೋಟೀನ್ ಸಿಗುತ್ತದೆ. ಹಾಗಿದ್ದೂ ಕೆಲವರು ಲ್ಯಾಬಿನಲ್ಲಿ ಒಂದೊಂದೇ ಅಮೈನೋ ಆಮ್ಲ ಜೋಡಿಸುತ್ತಾರಂತೆ. ಸುಮ್ನೆ ಕಷ್ಟ ಅಲ್ವಾ?

ಉತ್ತರ: ಕಷ್ಟ ಹೌದು, ಸುಮ್ನೆ ಅಲ್ಲ. ಪ್ರೋಟೀನಿಗೆ ಒಂದು ಬೆನ್ನೆಲುಬು ಇದೆ, ಅದರಿಂದ ಹೊರಚಾಚಿದ ಪಕ್ಕದ ಗುಂಪುಗಳಿವೆ. ಮಾಮೂಲಿಯಾಗಿ ಜೀನ್ ತಿದ್ದಿದರೆ ಬದಲಾಗುವುದು ಈ ಪಕ್ಕದ ಗುಂಪುಗಳು ಮಾತ್ರ, ಅದೂ 20 ಬಗೆಗಳೊಳಗೆ. ಬೆನ್ನೆಲುಬನ್ನು ಮುಟ್ಟಲು ಆಗುವುದಿಲ್ಲ. ಆದರೆ ಎರಡು ಪ್ರೋಟೀನುಗಳು ಅಂಟಿಕೊಳ್ಳುವಾಗ ಬೆನ್ನೆಲುಬಿನ ನೈಟ್ರೋಜನ್ ಮೇಲಿರುವ ಹೈಡ್ರೋಜನ್ ಕೂಡ ಎದುರಿನ ಆಕ್ಸಿಜನ್ ಜೊತೆ ಹೈಡ್ರೋಜನ್ ಬಂಧ ಮಾಡಿಕೊಳ್ಳುತ್ತದೆ. ಆ ಒಂದು ಬಂಧ ಎಷ್ಟು ಬಿಗಿ ಕೊಡುತ್ತದೆ ಅಂತ ತಿಳಿಯಬೇಕಾದರೆ ಅದೊಂದನ್ನೇ ತೆಗೆದು ನೋಡಬೇಕು, ಉಳಿದದ್ದು ಕದಲಬಾರದು.

ಕೈಯಾರೆ ಕಟ್ಟುವವರಿಗೆ ಇದು ಸಾಧ್ಯ. ಆ ನೈಟ್ರೋಜನ್ ಜಾಗಕ್ಕೆ ಆಕ್ಸಿಜನ್ ಇಟ್ಟರೆ ಅಮೈಡ್ (ನೈಟ್ರೋಜನ್ ಇರುವ ಕೊಂಡಿ) ಹೋಗಿ ಎಸ್ಟರ್ (ಆಕ್ಸಿಜನ್ ಇರುವ ಕೊಂಡಿ) ಬರುತ್ತದೆ. ಆಕಾರ ಹೆಚ್ಚುಕಡಿಮೆ ಅದೇ, ಹೈಡ್ರೋಜನ್ ಮಾತ್ರ ಇಲ್ಲ. ಟರ್ಕಿ ಕೋಳಿ ಮೊಟ್ಟೆಯ ಬಿಳಿಯಲ್ಲಿ ಪ್ರೋಟಿಯೇಸ್, ಅಂದರೆ ಪ್ರೋಟೀನ್ ಕತ್ತರಿಸುವ, ಕಿಣ್ವಗಳನ್ನು ತಡೆಯುವ ಒಂದು ಪ್ರೋಟೀನ್ ಇದೆ. 1997ರಲ್ಲಿ ರಸಾಯನ ವಿಜ್ಞಾನಿಗಳಾದ ಸ್ಟೀಫನ್ ಕೆಂಟ್, ಮೈಕೆಲ್ ಲಸ್ಕೋವ್ಸ್ಕಿ ಮತ್ತು ಜೊತೆಗಾರರು ಅದರ ಒಂದು ಭಾಗವನ್ನು ಹೀಗೇ ಕಟ್ಟಿ ಅಳೆದರು. ಕಿಣ್ವದ ಮೇಲಿನ ಹಿಡಿತ ಸಡಿಲವಾಗಿತ್ತು. ಇಂಥ ಅಳತೆ ಓದುವಾಗ ಒಂದು ಲೆಕ್ಕ ನೆನಪಿರಲಿ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೋಲ್‌ಗೆ ಸುಮಾರು 1.4 ಕಿಲೋಕ್ಯಾಲೊರಿಯಷ್ಟು ಅಂಟುವ ಶಕ್ತಿ ಕಡಿಮೆಯಾದರೆ ಹಿಡಿತ ಹತ್ತು ಪಟ್ಟು ಇಳಿಯುತ್ತದೆ.

ಹಾಗಂತ ಬಂದ ಸಂಖ್ಯೆಯನ್ನು ಪೂರ್ತಿ ಆ ಬಂಧದ ಲೆಕ್ಕಕ್ಕೇ ಬರೆಯಬೇಡಿ. ಹೊಸದಾಗಿ ಕೂತ ಆಕ್ಸಿಜನ್ ಎದುರಿನ ಆಕ್ಸಿಜನ್ನನ್ನು ತುಸು ದೂರ ತಳ್ಳುತ್ತದೆ, ಪಕ್ಕದ ಕಾರ್ಬೊನಿಲ್ (ಕಾರ್ಬನ್-ಆಕ್ಸಿಜನ್ ಜೋಡಿ) ಕೂಡ ಮೊದಲಿನಷ್ಟು ಚೆನ್ನಾಗಿ ಹೈಡ್ರೋಜನ್ ಬಂಧ ಹಿಡಿಯುವುದಿಲ್ಲ.

ಇನ್ನೊಂದು ಮಜಾ ಇದೆ. ಎಚ್‌ಐವಿ ಪ್ರೋಟಿಯೇಸ್ ಅನ್ನುವ 99 ಅಮೈನೋ ಆಮ್ಲಗಳ ಸರಪಳಿಯನ್ನು 1992ರಲ್ಲಿ ಕೆಂಟ್ ತಂಡ ಪೂರ್ತಿ ಕನ್ನಡಿ ರೂಪದಲ್ಲಿ, ಅಂದರೆ ಬಲಗೈಗೆ ಎಡಗೈ ಇದ್ದ ಹಾಗೆ, ಕಟ್ಟಿತು. ಅದು ಕನ್ನಡಿ ರೂಪದ ಪೆಪ್ಟೈಡನ್ನು (ಅಮೈನೋ ಆಮ್ಲಗಳ ಚಿಕ್ಕ ಸರಪಳಿ) ಮಾತ್ರ ಕತ್ತರಿಸಿತು, ಮಾಮೂಲಿಯದನ್ನು ಮುಟ್ಟಲಿಲ್ಲ!

ಪ್ರಶ್ನೆ: ಎಷ್ಟು ಉದ್ದ ಬೇಕಾದರೂ ಕಟ್ಟಬಹುದಾ?

ಉತ್ತರ: ಇಲ್ಲ. ರಸಾಯನ ವಿಜ್ಞಾನಿ ಬ್ರೂಸ್ ಮೆರಿಫೀಲ್ಡ್ 1963ರಲ್ಲಿ ತೋರಿಸಿದ ದಾರಿಯಲ್ಲಿ ಸರಪಳಿಯ ಒಂದು ತುದಿಯನ್ನು ರೆಸಿನ್ ಮಣಿಗೆ ಅಂಟಿಸಿ, ಒಂದೊಂದೇ ಸೇರಿಸಿ, ಪ್ರತಿ ಸಲ ತೊಳೆಯುತ್ತಾರೆ. ಪ್ರತಿ ಸಲ 100ಕ್ಕೆ 99 ಸರಿಯಾಗಿ ಸೇರಿದರೂ 100 ಸಲ ಆದ ಮೇಲೆ ಸರಿಯಾದ ಸರಪಳಿ ಉಳಿಯುವುದು 100ಕ್ಕೆ ಸುಮಾರು 37 ಪಾಲು ಅಷ್ಟೆ, ಜೊತೆಗೆ ಕಸದಿಂದ ಅದನ್ನು ಬೇರ್ಪಡಿಸುವ ಪಾಡು ಬೇರೆ. ಅದಕ್ಕೇ ಚಿಕ್ಕ ತುಂಡುಗಳನ್ನು ಮಾಡಿ ಆಮೇಲೆ ಬೆಸೆಯುತ್ತಾರೆ. ಒಂದರ ತುದಿಯಲ್ಲಿ ಥಯೋಎಸ್ಟರ್ (ಗಂಧಕ ಇರುವ ಎಸ್ಟರ್), ಇನ್ನೊಂದರ ಶುರುವಿನಲ್ಲಿ ಸಿಸ್ಟೀನ್ ಅನ್ನುವ ಅಮೈನೋ ಆಮ್ಲ ಇದ್ದರೆ ಎರಡೂ ನೀರಿನಲ್ಲೇ ಸೇರಿ ಮಾಮೂಲಿ ಪೆಪ್ಟೈಡ್ ಬಂಧವಾಗುತ್ತದೆ. ಇದು 1994ರಲ್ಲಿ ಬಂದ ವಿಧಾನ. ನಿಮ್ಮ ಪ್ರಶ್ನೆಗೆ ಪಕ್ಕದ ಗುಂಪು ಬದಲಿಸಿದರೆ ಸಾಕು ಅನ್ನುವುದಾದರೆ ಇಷ್ಟೆಲ್ಲ ಬೇಡ, ಬ್ಯಾಕ್ಟೀರಿಯಾಕ್ಕೇ ಬಿಡಿ.